ಹಂದಿಯ ಜಂತುಹುಳು: ಮದ್ದಿನ ಚರಿತ್ರೆ, ನೆಲದ ಚರಿತ್ರೆ

ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟಿ ಕೆಂಗೇರಿ ದಾಟಿ ಅರ್ಕಾವತಿಯನ್ನು ಸೇರುವ ವೃಷಭಾವತಿ, ರಾಜಾಜಿನಗರ, ವಿಜಯನಗರದಂಥ ಬಡಾವಣೆಗಳು ಬೆಳೆದಂತೆಲ್ಲ ಊರಿನ ಕೊಳೆನೀರು ಹೊರುವ ಕಾಲುವೆಯಾಯಿತು. ಇಂಥ ಮೋರಿಗಳ ದಂಡೆಯಲ್ಲಿ ಮೇಯುತ್ತಿದ್ದ ಕಪ್ಪು ನಾಡಹಂದಿಯ ಹೊಟ್ಟೆಯ ಹುಳುವೂ, ಇಂದು ದೊಡ್ಡಿಯಲ್ಲಿ ಹೋಟೆಲ್ ಮುಸುರೆ ತಿಂದು ಕೊಬ್ಬುವ ಬಿಳಿ ಯಾರ್ಕ್‌ಶೈರ್ ಹಂದಿಯ ಹುಳುವೂ ಪೂರ್ತಿ ಒಂದೇ ಅಲ್ಲ. ಈ ವ್ಯತ್ಯಾಸ ಬಿಟ್ಟು ಮದ್ದಿನ ಚರಿತ್ರೆ ಬರೆದರೆ ಅದು ಅರ್ಧವೇ ಆಗುತ್ತದೆ.

ಬಯಲಲ್ಲಿ ಮಣ್ಣು ಕೆದಕುವ ಹಂದಿಗೆ ಎರೆಹುಳುವಿನ ಮೂಲಕ ಶ್ವಾಸಕೋಶದ ಹುಳು, ಜೀರುಂಡೆಯ ಮರಿಯ ಮೂಲಕ ಮುಳ್ಳುತಲೆ ಹುಳು ಬರುತ್ತವೆ. ಕೊರಮ, ಕೊರಚ, ಹಂದಿಜೋಗಿ ಕುಟುಂಬಗಳು ತಲೆಮಾರುಗಳಿಂದ ಸಾಕಿಕೊಂಡು ಬಂದದ್ದು ಇಂಥ ಬಯಲುಮೇವಿನ ಹಂದಿಯನ್ನೇ. ಸಿಮೆಂಟ್ ನೆಲದ ಮೇಲೆ ಈ ಎರಡು ಹುಳುಗಳ ಕಾಟ ಬಹುತೇಕ ನಿಲ್ಲುತ್ತದೆ. ದುಂಡುಹುಳು (ಆಸ್ಕರಿಸ್ ಸುವಮ್) ಮಾತ್ರ ಜಗ್ಗುವುದಿಲ್ಲ. ಒಂದು ಹೆಣ್ಣುಹುಳು ದಿನಕ್ಕೆ ಲಕ್ಷಕ್ಕೂ ಮೀರಿ ಮೊಟ್ಟೆಯಿಡುತ್ತದೆ. ಅಂಟಂಟಾದ ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಸಾಮಾನ್ಯ ಕ್ರಿಮಿನಾಶಕ ಅದಕ್ಕೆ ನಾಟುವುದೇ ಇಲ್ಲ, ಕುದಿವ ನೀರು, ಹಬೆ ನಾಟುತ್ತವೆ.

ಮೊಟ್ಟೆಯಿಂದ ಹೊರಬಂದ ಮರಿಹುಳು ಕರುಳಲ್ಲೇ ಉಳಿಯುವುದಿಲ್ಲ ಎಂಬುದು ಬೆಳಕಿಗೆ ಬಂದದ್ದು 1916ರಲ್ಲಿ. ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಅಧಿಕಾರಿ ಎಫ್. ಎಚ್. ಸ್ಟೂವರ್ಟ್, ಇಲಿಗಳಿಗೆ ಮೊಟ್ಟೆ ತಿನ್ನಿಸಿ ಮರಿಹುಳುಗಳನ್ನು ಅವುಗಳ ಯಕೃತ್ತು, ಶ್ವಾಸಕೋಶಗಳಲ್ಲಿ ಕಂಡರು. ಹಂದಿಯ ಯಕೃತ್ತಿನ ಮೇಲೆ ಹಾಲುಬಿಳಿ ಮಚ್ಚೆಗಳಾಗಿ ಉಳಿಯುವುದು ಈ ಅಲೆದಾಟದ ಗುರುತೇ. ಮರಿಹಂದಿ ಏದುಸಿರು ಬಿಟ್ಟು ಕೆಮ್ಮುವುದೂ ಇದರಿಂದಲೇ. ಸ್ಟೂವರ್ಟರ ಈ ಶೋಧವನ್ನು ಆಧರಿಸಿ ಅಮೆರಿಕದ ವಿಜ್ಞಾನಿ ಬ್ರೇಟನ್ ರ್ಯಾನ್ಸಮ್ ಇಲಿನಾಯ್ ರಾಜ್ಯದ ಮೆಕ್ಲೀನ್ ಕೌಂಟಿಯಲ್ಲಿ 1920ರ ಸುಮಾರಿಗೆ ಒಂದು ಪದ್ಧತಿ ಕಟ್ಟಿದರು. ತಾಯಿಹಂದಿಯ ಮೈಯನ್ನು ಸೋಪು ಹಾಕಿ ತೊಳೆದು, ಬಿಸಿನೀರಿನಲ್ಲಿ ತಿಕ್ಕಿದ ಗೂಡಿನಲ್ಲಿ ಮರಿ ಹಾಕಿಸಿ, ಮರಿಗಳನ್ನು ಹಳೆಯ ನೆಲ ತುಳಿಸದೆ ಗಾಡಿಯಲ್ಲೇ ಹೊಸ ಹುಲ್ಲುಗಾವಲಿಗೆ ಸಾಗಿಸುವುದು, ನಾಲ್ಕು ತಿಂಗಳಾಗುವವರೆಗೆ ಅಲ್ಲೇ ಉಳಿಸುವುದು. ಮದ್ದೇ ಇಲ್ಲದೆ ರೂಪುಗೊಂಡ ಈ ಕ್ರಮವನ್ನು ನಾನು ಜಂತುಚಿಕಿತ್ಸೆಯ ಅತಿ ದೊಡ್ಡ ಶೋಧವೆಂದೇ ಎಣಿಸುತ್ತೇನೆ.

ಮದ್ದುಗಳ ಸಾಲು ಆಮೇಲೆ ಬೇಗ ಬೇಗ ಬದಲಾಯಿತು. ಸ್ಯಾಂಟೋನಿನ್ ಮತ್ತು ಚೆನೊಪೋಡಿಯಂ ಎಣ್ಣೆಯ ಕಾಲ ಮುಗಿದು, 1940ರ ದಶಕದಲ್ಲಿ ಒಣಮೇವಿಗೆ ಬೆರೆಸುವ ಸೋಡಿಯಂ ಫ್ಲೋರೈಡ್ ಬಂತು. ಅಳತೆ ತಪ್ಪಿದರೆ ಹಂದಿಯೇ ಸಾಯುವಂಥ ವಿಷ ಅದು. 1950ರ ದಶಕದ ಪಿಪರಜೀನ್ ಹುಳುವಿನ ಸ್ನಾಯು ಸಡಿಲಿಸಿ ಸಗಣಿಯೊಂದಿಗೆ ಹೊರದೂಡಿತು. ಕರುಳಲ್ಲಿದ್ದ ಹುಳುವಿಗಷ್ಟೇ ಅದರ ಶಕ್ತಿ. ಮೈಯೊಳಗೆ ಅಲೆಯುವ ಮರಿಹುಳು ತಪ್ಪಿಸಿಕೊಳ್ಳುತ್ತಿದ್ದುದರಿಂದ ವಾರಗಳ ಬಳಿಕ ಮತ್ತೆ ಕೊಡಬೇಕಾಗಿತ್ತು. ಲೆವಮಿಸೋಲ್, ಫೆನ್‌ಬೆಂಡಜೋಲ್ ಆದ ಮೇಲೆ, 1981ರಲ್ಲಿ ಐವರ್‌ಮೆಕ್ಟಿನ್ ಮಾರುಕಟ್ಟೆಗೆ ಬಂತು. ಅದರ ಮೂಲ ಜಪಾನಿನ ಮಣ್ಣಿನ ಜೀವಾಣು. ಸತೋಶಿ ಒಮುರ, ವಿಲಿಯಂ ಕ್ಯಾಂಪ್‌ಬೆಲ್ 2015ರಲ್ಲಿ ನೊಬೆಲ್ ಪಡೆದದ್ದು ಇದಕ್ಕಾಗಿಯೇ.

ಲಾಡಿಹುಳುವಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಂದಿ ಲಾಡಿಹುಳು ಪೂರ್ತಿ ಬೆಳೆಯುವುದು ಮನುಷ್ಯನ ಕರುಳಿನಲ್ಲಿ. ಹಂದಿಯ ಮಾಂಸಖಂಡದಲ್ಲಿರುವುದು ಅದರ ಮರಿಗುಳ್ಳೆ. ಮಿದುಳಿಗೆ ಹತ್ತುವ ಕಾಯಿಲೆಯ ಮೊಟ್ಟೆ ಬರುವುದೂ ಮನುಷ್ಯನ ಮಲದಿಂದ. ಹಂದಿ ಸಾಕುವವರ ಮೇಲೆ ಹೊರಿಸುವ ದೋಷದಲ್ಲಿ ದೊಡ್ಡ ಪಾಲು ಶೌಚಾಲಯವಿಲ್ಲದ ಬಡಾವಣೆಗೆ ಸೇರಬೇಕು.

ದೊಡ್ಡಿಗಳಲ್ಲಿ ಇಂದು ಕಾಣುವುದು ಚರ್ಮದಡಿ ಚುಚ್ಚುವ ಐವರ್‌ಮೆಕ್ಟಿನ್ ಅಥವಾ ಮೇವಿಗೆ ಬೆರೆಸುವ ಫೆನ್‌ಬೆಂಡಜೋಲ್. ಆದರೆ ನೆಲ ನೋಡಬೇಕು. ಗೋಡೆ ಸೇರುವ ಮೂಲೆಯಲ್ಲಿ ಸಿಮೆಂಟ್ ಬಿರುಕುಬಿಟ್ಟು, ಪೈಪಿನ ನೀರು ತಾಗದೆ, ಹಸಿ ಸಗಣಿ ಕೂತಿರುತ್ತದೆ. ಅಲ್ಲಿನ ಮೊಟ್ಟೆ ಮೂರು ನಾಲ್ಕು ವಾರದಲ್ಲಿ ಮಾಗುತ್ತದೆ. ಚುಚ್ಚುಮದ್ದು ಪಡೆದ ತಾಯಿಹಂದಿ ಅದೇ ಮೂಲೆಯಲ್ಲಿ ಮಲಗುತ್ತದೆ, ಮೊಲೆತೊಟ್ಟಿಗೆ ಸಗಣಿ ಮೆತ್ತಿಕೊಳ್ಳುತ್ತದೆ. ಹುಟ್ಟಿದ ಗಳಿಗೆಯಲ್ಲೇ ಮರಿ ಬಾಯಿ ಹಾಕುವುದು ಅದಕ್ಕೆ.