ಪೆನ್ ಡ್ರೈವ್ ಅನ್ನು ‘ಎಜೆಕ್ಟ್’ ಮಾಡದೆ ಕಿತ್ತರೆ ಏನಾಗುತ್ತದೆ? ವಾಸ್ತವ ಇಲ್ಲಿದೆ

‘ಎಜೆಕ್ಟ್ ಮಾಡುವುದು ಹಳೇ ಪದ್ಧತಿ, ಈಗ ಪೆನ್ ಡ್ರೈವ್ ಅನ್ನು ನೇರವಾಗಿ ಕಿತ್ತರೂ ಏನೂ ಆಗುವುದಿಲ್ಲ’ ಎಂಬ ಮಾತನ್ನು ನೀವೂ ಕೇಳಿರಬಹುದು. ‘ಹಾಗೆ ಕಿತ್ತರೆ ಕಂಪ್ಯೂಟರೇ ಸುಟ್ಟುಹೋಗುತ್ತದೆ’ ಎನ್ನುವವರೂ ಇದ್ದಾರೆ. ಮದುವೆಯ ಫೋಟೋಗಳೋ ಕಾಲೇಜಿನ ಪ್ರಾಜೆಕ್ಟ್ ವರದಿಯೋ ಅದರಲ್ಲೇ ಇದ್ದರೆ ಇದು ಸಣ್ಣ ಪ್ರಶ್ನೆಯಲ್ಲ. ಎರಡೂ ಮಾತುಗಳನ್ನು ಪರಿಶೀಲಿಸೋಣ.

ಪೆನ್ ಡ್ರೈವ್ ಹಾಕಿದ್ದು ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ಯುಎಸ್‌ಬಿ 2.0 ಪೆನ್ ಡ್ರೈವ್ ಹಾಕಿದಾಗ, ಅದರೊಳಗಿನ ಒಂದು ರೆಸಿಸ್ಟರ್ ಡೇಟಾ ತಂತಿಯ ವೋಲ್ಟೇಜ್ ಅನ್ನು ಮೇಲಕ್ಕೇರಿಸುತ್ತದೆ. ಯಾರೋ ಬಂದಿದ್ದಾರೆ ಎಂಬುದಕ್ಕೆ ಅದೇ ಸಂಕೇತ. ಕಂಪ್ಯೂಟರ್ ಆ ಸಾಧನವನ್ನು ರೀಸೆಟ್ ಮಾಡಿ, 1ರಿಂದ 127ರೊಳಗಿನ ಒಂದು ವಿಳಾಸ ಕೊಟ್ಟು, ‘ನೀನು ಯಾರು?’ ಎಂದು ವಿಚಾರಿಸುತ್ತದೆ. ಸಾಧನವು ತನ್ನ ಕಂಪನಿಯ ಸಂಖ್ಯೆ, ಉತ್ಪನ್ನದ ಸಂಖ್ಯೆ ಮತ್ತು ತಾನು ಯಾವ ಬಗೆಯದು ಎಂಬುದನ್ನು ತಿಳಿಸುತ್ತದೆ. ಅದಕ್ಕೆ ಹೊಂದುವ ಡ್ರೈವರ್ ತಂತ್ರಾಂಶವನ್ನು ಆಪರೇಟಿಂಗ್ ಸಿಸ್ಟಮ್ ಹುಡುಕಿ ಜೋಡಿಸುತ್ತದೆ. ಕಂಪ್ಯೂಟರ್ ಚಾಲೂ ಇರುವಾಗಲೇ ಹೀಗೆ ಹಾಕಿ ತೆಗೆಯುವುದನ್ನು ‘ಹಾಟ್‌ಪ್ಲಗ್’ ಎನ್ನುತ್ತಾರೆ.

ಕಂಪ್ಯೂಟರ್ ಸುಟ್ಟುಹೋಗುತ್ತದೆಯೇ?

ಇಲ್ಲ. ಯುಎಸ್‌ಬಿಯನ್ನು ರೂಪಿಸಿದ್ದೇ ಹೀಗೆ ಹಾಕಿ ತೆಗೆಯಲು. ಅಗಲವಾದ ಹಳೆಯ ಬಗೆಯ ಪ್ಲಗ್ ಒಳಗೆ ನೋಡಿ: ಅಂಚಿನ ಎರಡು ವಿದ್ಯುತ್ ಪಟ್ಟಿಗಳು ನಡುವಿನ ಡೇಟಾ ಪಟ್ಟಿಗಳಿಗಿಂತ ಉದ್ದ. ಹಾಕುವಾಗ ಮೊದಲು ವಿದ್ಯುತ್ ಸಿಗಲಿ, ತೆಗೆಯುವಾಗ ಮೊದಲು ಡೇಟಾ ಕಡಿಯಲಿ ಎಂಬುದೇ ಇದರ ಉದ್ದೇಶ.

ಹಾಗಾದರೆ ಎಜೆಕ್ಟ್ ಏಕೆ ಬೇಕು?

ಅಪಾಯ ಇರುವುದು ನಿಮ್ಮ ಫೈಲ್‌ಗಳಿಗೆ. ‘ಕಾಪಿ ಆಯಿತು’ ಎಂದು ಪರದೆ ತೋರಿಸಿದರೂ ಫೈಲ್‌ನ ಒಂದು ಭಾಗ ಇನ್ನೂ ಕಂಪ್ಯೂಟರ್‌ನ ರ‍್ಯಾಮ್‌ನಲ್ಲೇ ಉಳಿದಿರಬಹುದು. ಕೆಲಸ ಬೇಗ ಮುಗಿಯಲೆಂದು ಸಿಸ್ಟಮ್ ಅದನ್ನು ಸ್ವಲ್ಪ ಹೊತ್ತು ಅಲ್ಲಿಟ್ಟು ಆಮೇಲೆ ಬರೆಯುತ್ತದೆ. ಸಾಮಾನ್ಯ ಸೆಟ್ಟಿಂಗ್ ಇರುವ ಲಿನಕ್ಸ್‌ನಲ್ಲಿ ಈ ಕಾಯುವಿಕೆ ಸುಮಾರು 30 ಸೆಕೆಂಡ್ ಆಗಬಹುದು.

ನೀವು ಕಿತ್ತ ಸುದ್ದಿ ಕಂಪ್ಯೂಟರ್‌ಗೆ ಮುಟ್ಟುವುದು ಪೆನ್ ಡ್ರೈವ್ ಹೋದ ಮೇಲೆಯೇ. ಆಗ ಡ್ರೈವರ್ ಬಾಕಿ ಕೆಲಸವನ್ನು ರದ್ದು ಮಾಡಿ ತನ್ನ ಕಡೆಯ ಲೆಕ್ಕ ಮುಗಿಸಬಲ್ಲದು, ಬರೆಯದೇ ಉಳಿದದ್ದನ್ನು ಬರೆಯಲಾರದು. ಫೈಲ್‌ಗಳು ಎಲ್ಲೆಲ್ಲಿವೆ ಎಂಬ ಪಟ್ಟಿ ಅರ್ಧಕ್ಕೆ ನಿಂತರೆ ಹಳೆಯ ಫೈಲ್‌ಗಳೂ ತೆರೆಯದಿರಬಹುದು. ಎಜೆಕ್ಟ್ ಎಂದರೆ ‘ಹೊರಡುತ್ತಿದ್ದೇನೆ’ ಎಂದು ಮೊದಲೇ ಹೇಳುವುದು.

ವಿಂಡೋಸ್‌ನಲ್ಲಿ ಬೇಡವಂತೆ, ನಿಜವೇ?

ಭಾಗಶಃ ನಿಜ. 2018ರ ವಿಂಡೋಸ್ 10ರ 1809 ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ ತಾನಾಗಿಯೇ ಆನ್ ಇರುತ್ತದೆ. ಇದರಲ್ಲಿ ಫೈಲ್‌ಗಳನ್ನು ಬರೆಯಲು ತಡಮಾಡುವುದಿಲ್ಲ. ಆದರೂ ಕಾಪಿ ನಡೆಯುತ್ತಿರುವಾಗ ಕಿತ್ತರೆ ಫೈಲ್ ಹಾಳಾಗಬಹುದು.

ನೀವು ಏನು ಮಾಡಬೇಕು?

• ಫೈಲ್ ಕಾಪಿ ಮಾಡಿದ್ದರೆ ಎಜೆಕ್ಟ್ ಮಾಡಿಯೇ ತೆಗೆಯಿರಿ. ಮೊಬೈಲ್‌ಗೆ ಒಟಿಜಿ ಮೂಲಕ ಹಾಕಿದಾಗಲೂ ಇದೇ ನಿಯಮ.
• ‘ಬಳಕೆಯಲ್ಲಿದೆ’ ಎಂಬ ಸಂದೇಶ ಬಂದರೆ ತೆರೆದಿರುವ ಫೈಲ್‌ಗಳನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ.
• ಮುಖ್ಯ ಫೈಲ್‌ಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ.

ನಮ್ಮ ತೀರ್ಮಾನ: ಕಂಪ್ಯೂಟರ್ ಸುಟ್ಟುಹೋಗುತ್ತದೆ ಎಂಬುದು ಸುಳ್ಳು. ಏನೂ ಆಗುವುದಿಲ್ಲ ಎಂಬುದು ಅರ್ಧ ಸತ್ಯ.