ಸೀಸದ ಸೈನಿಕರ ಮುಪ್ಪು: ಆಟದ ಮಾದರಿಗಳ ಸಂರಕ್ಷಣೆ ಬೆಳೆದುಬಂದ ಬಗೆ

ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗಾಗಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಎರಡು ಶತಮಾನಗಳಿಂದ ಪುಟ್ಟ ಸೈನಿಕರು, ವಾಹನಗಳು, ಕೋಟೆಗಳು, ಗುಡ್ಡಬೆಟ್ಟಗಳು ಕೈಕೆಲಸದಲ್ಲಿ ತಯಾರಾಗುತ್ತಿವೆ. ಗಾಜಿನ ಕಪಾಟಿನಲ್ಲಿಡುವ ಬೊಂಬೆಗಳಂತಲ್ಲದೆ ಇವು ಆಟಗಾರರ ಕೈಯಲ್ಲಿ ಓಡಾಡಿ ಸವೆದ ವಸ್ತುಗಳು. ಒಂದೇ ಮಾದರಿಯಲ್ಲಿ ಲೋಹ, ಮರ, ರಟ್ಟು, ಪ್ಲಾಸ್ಟಿಕ್, ಅಂಟು, ಬಣ್ಣಗಳು ಸೇರಿರುವುದರಿಂದ ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಕೆಡಿಸಬಹುದು. ಇವುಗಳ ಸಂರಕ್ಷಣೆಯ ತಿಳಿವಳಿಕೆ ವಸ್ತುಸಂಗ್ರಹಾಲಯಗಳ ರಸಾಯನಶಾಸ್ತ್ರದಿಂದಲೂ ಹವ್ಯಾಸಿಗಳ ಅನುಭವದಿಂದಲೂ ಕೂಡಿಬಂದದ್ದು.

ಗಾರೆಯಿಂದ ಪ್ಲಾಸ್ಟಿಕ್‌ವರೆಗೆ

1812ರಲ್ಲಿ ಪ್ರಷ್ಯಾದ ಜಾರ್ಜ್ ಲಿಯೊಪೋಲ್ಡ್ ಫಾನ್ ರೈಸ್‌ವಿಟ್ಸ್ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಯುದ್ಧದಾಟದ ಮೇಜೊಂದನ್ನು ಒಪ್ಪಿಸಿದ. ಹೊಳೆ, ದಾರಿ, ಊರುಗಳನ್ನು ಮೂಡಿಸಿದ ಗಾರೆಯ ಚೌಕಗಳನ್ನು ಅದರಲ್ಲಿ ಬೇಕಾದಂತೆ ಜೋಡಿಸಬಹುದಿತ್ತು. ಅವನ ಮಗ 1824ರಲ್ಲಿ ಆಟವನ್ನು 1:8000 ಪ್ರಮಾಣದ ನಕ್ಷೆಗೆ ಇಳಿಸಿದ. ಇತ್ತ ನ್ಯೂರೆಂಬರ್ಗಿನ ಎರಕದವರು ಚಪ್ಪಟೆ ತವರದ ಸೈನಿಕರನ್ನು ಮಾಡುತ್ತಿದ್ದರು. ಜರ್ಮನಿಯ ಕುಲ್ಮ್‌ಬಾಖ್‌ನ ಪ್ಲಾಸೆನ್‌ಬರ್ಗ್ ಕೋಟೆಯ ಸಂಗ್ರಹಾಲಯದಲ್ಲಿ ಈ ಬಗೆಯ ಬೊಂಬೆಗಳು ದೊಡ್ಡ ಸಂಖ್ಯೆಯಲ್ಲಿವೆ. 1893ರಲ್ಲಿ ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆ ಒಳಟೊಳ್ಳು ಸೀಸದ ಸೈನಿಕರನ್ನು ಅಗ್ಗವಾಗಿ ತಯಾರಿಸತೊಡಗಿತು. ಎಚ್. ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಇಂಥ ಸೈನಿಕರನ್ನಿಟ್ಟುಕೊಂಡು ಆಡುವ ನಿಯಮಗಳನ್ನು ಬರೆದ.

1950ರ ದಶಕದಲ್ಲಿ ಅಮೆರಿಕದ ಜಾಕ್ ಸ್ಕ್ರೂಬಿ ರಬ್ಬರ್ ಅಚ್ಚಿನಲ್ಲಿ ಲೋಹ ಎರೆದು ಆಟಗಾರರಿಗೆಂದೇ ಬೊಂಬೆಗಳನ್ನು ಮಾಡಿದ. 1959ರಿಂದ ಏರ್‌ಫಿಕ್ಸ್‌ನ ಮೆದು ಪ್ಲಾಸ್ಟಿಕ್ ಸೈನಿಕರು ಬಂದರು. 1974ರ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’, 1983ರ ‘ವಾರ್‌ಹ್ಯಾಮರ್’ ಆಟಗಳ ಕಾಲಕ್ಕೆ ಮನೆಯಲ್ಲೇ ಮಾದರಿ ಕಟ್ಟುವುದು ದೊಡ್ಡ ಹವ್ಯಾಸವಾಗಿತ್ತು. 1980ರ ದಶಕದ ಕೊನೆಗೆ ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡುವ ವಿಧಾನವೂ ಪ್ರಕಟವಾಗಿತ್ತು. ಇಂದು ಸಂರಕ್ಷಕರ ಮುಂದಿರುವುದು ಈ ಬೆರಕೆ ಸಾಮಗ್ರಿಯ ಮಾದರಿಗಳೇ.

ಬಿಳಿ ಪುಡಿಯ ರಹಸ್ಯ

ಹಳೆಯ ಸೀಸದ ಬೊಂಬೆಯ ಕತ್ತಿಯ ತುದಿಯಲ್ಲೋ ಪಾದದ ಬಳಿಯೋ ಮೊದಲು ಬೂದುಬಿಳಿ ಧೂಳು ಕಾಣಿಸುತ್ತದೆ. ಆಮೇಲೆ ಬಣ್ಣ ಉಬ್ಬುತ್ತದೆ, ಗುಳ್ಳೆ ಒಡೆಯುತ್ತದೆ, ಅಡಿಯಲ್ಲಿ ಹೊಂಡ ಬಿದ್ದ ಲೋಹ ಕಾಣುತ್ತದೆ. ಹವ್ಯಾಸಿಗಳು ಇದನ್ನು ‘ಲೆಡ್ ರಾಟ್’ ಎನ್ನುತ್ತಾರೆ. ಚಳಿಗೆ ತವರ ಪುಡಿಯಾಗುವ ‘ಟಿನ್ ಪೆಸ್ಟ್’ ಇದೇ ಎಂದು ಬಹುಕಾಲ ತಪ್ಪಾಗಿ ತಿಳಿಯಲಾಗಿತ್ತು. ತವರದ ಆ ಬದಲಾವಣೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಆಗುವಂಥದ್ದು. ಬೊಂಬೆಗಳ ಮೇಲಿನ ಬಿಳಿ ಪುಡಿ ಹೆಚ್ಚಾಗಿ ಸೀಸದ ಕಾರ್ಬೊನೇಟು.

ಕಾರಣ ಪೆಟ್ಟಿಗೆಯೊಳಗಿನ ಗಾಳಿ. ಓಕ್‌ನಂಥ ಮರ, ಪ್ಲೈವುಡ್, ರಟ್ಟು, ಮರಗೆಲಸದ ಬಿಳಿ ಅಂಟು ಇವೆಲ್ಲ ಸಣ್ಣ ಪ್ರಮಾಣದಲ್ಲಿ ಅಸಿಟಿಕ್ ಆಮ್ಲದ ಆವಿಯನ್ನು ಬಿಡುತ್ತವೆ. ತೇವ ಮತ್ತು ಆಮ್ಲಜನಕದ ಜೊತೆಗೆ ಅದು ಸೀಸವನ್ನು ಅಸಿಟೇಟ್ ಆಗಿಸುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಕಾರ್ಬೊನೇಟಾಗಿ ಬದಲಿಸುವಾಗ ಆಮ್ಲ ಬಿಡುಗಡೆಯಾಗಿ ಮತ್ತೆ ಸೀಸದ ಮೇಲೆ ಬೀಳುತ್ತದೆ. ಆದ್ದರಿಂದ ಒಮ್ಮೆ ಶುರುವಾದದ್ದು ತಾನಾಗಿ ನಿಲ್ಲುವುದು ಅಪರೂಪ. ಹಿಂದೆ ವಿನೆಗರ್ ಬಳಸಿ ಬಿಳಿ ಸೀಸದ ಬಣ್ಣ ತಯಾರಿಸುತ್ತಿದ್ದದ್ದೂ ಇದೇ ಕ್ರಿಯೆಯಿಂದ. ತವರ ಹೆಚ್ಚಿರುವ ಮಿಶ್ರಲೋಹ ಇದನ್ನು ಹೆಚ್ಚು ತಾಳಿಕೊಳ್ಳುತ್ತದೆ.

ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಕ್ಷೇತ್ರದ ತಿರುವು. ಕಪಾಟಿಗೆ ಬಳಸಬೇಕೆಂದಿರುವ ಸಾಮಗ್ರಿಯ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತಗಡುಗಳೊಂದಿಗೆ ಮುಚ್ಚಿದ ಪಾತ್ರೆಯಲ್ಲಿಟ್ಟು, ತೇವದಲ್ಲಿ 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಬಿಡುವುದು ಇದರ ಇಂದಿನ ಕ್ರಮ. ತಗಡು ಕೆಟ್ಟರೆ ಆ ಸಾಮಗ್ರಿ ಬೇಡ. ಅಮೆರಿಕದ ನೌಕಾಪಡೆಯ ಹಡಗು ಮಾದರಿಗಳ ಕ್ಯುರೇಟರ್ ಡೇನಾ ವೆಗ್ನರ್ ಪ್ರದರ್ಶನದ ಮಾದರಿಗಳಲ್ಲಿ ಸೀಸದ ಭಾಗಗಳು ಹಾಳಾಗುವುದರ ಬಗ್ಗೆ ಬರೆದು ಮಾದರಿ ಕಟ್ಟುವವರಿಗೂ ಈ ವಿಷಯ ಮುಟ್ಟಿಸಿದರು.

ಪ್ಲಾಸ್ಟಿಕ್ಕಿನ ಕಾಯಿಲೆಗಳು ಬೇರೆ. ಏರ್‌ಫಿಕ್ಸ್‌ನ ಪಾಲಿಥೀನ್ ಸೈನಿಕರಿಗೆ ಬಣ್ಣ ಗಟ್ಟಿಯಾಗಿ ಅಂಟದೆ ಹಕ್ಕಳೆಯೇಳುತ್ತದೆ. ಪಿವಿಸಿ ಚಕ್ರಗಳಿಂದ ಒಸರುವ ಮೆದುಕಾರಕ ಪಕ್ಕದ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಸೂಪರ್‌ಗ್ಲೂ ವಯಸ್ಸಾದಂತೆ ಪೆಡಸಾಗಿ, ತುಸು ತಗುಲಿದರೂ ಬಿಟ್ಟುಕೊಳ್ಳುತ್ತದೆ. ಥರ್ಮಾಕೋಲಿನ ಬೆಟ್ಟಗಳು ದ್ರಾವಕ ಸೋಕಿದೊಡನೆ ಕುಸಿಯುತ್ತವೆ.

ಕೆರೆಯುವುದರಿಂದ ಉಳಿಸುವುದರ ಕಡೆಗೆ

ಹವ್ಯಾಸಿಗಳ ಹಳೆಯ ರೂಢಿ ಸರಳ: ಬಣ್ಣ ಕಿತ್ತುಹಾಕು, ಹೊಸದು ಬಳಿ. ಬ್ರಿಟನ್ನಿನಲ್ಲಿ ಇದಕ್ಕೆ ಡೆಟಾಲ್ ಬಳಕೆಗೆ ಬಂತು. ಬೊಂಬೆಯನ್ನು ಅದರಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುತ್ತಾರೆ. ಆಗಲೇ ನೀರು ಸೋಕಿದರೆ ಸಡಿಲಾದ ಬಣ್ಣ ಜಿಗುಟಾಗಿ ಮತ್ತೆ ಮೆತ್ತಿಕೊಳ್ಳುವುದರಿಂದ ಮೊದಲ ತೊಳೆತವೂ ಡೆಟಾಲಿನಲ್ಲೇ. ಮುರಿದ ಕೈಕಾಲುಗಳನ್ನು ವೇಲ್ಸ್‌ನ ಮಿಲಿಪುಟ್‌ನಂಥ ಎರಡು ಬಗೆ ಕಲಸುವ ಎಪಾಕ್ಸಿ ಪುಟ್ಟಿಯಿಂದ ತಿದ್ದುತ್ತಿದ್ದರು. ಹೀಗೆ ಮೂಲ ಬಣ್ಣ ಕಳೆದುಕೊಂಡ ಬೊಂಬೆಗಳಿಗೆ ಲೆಕ್ಕವಿಲ್ಲ.

ಇಟಲಿಯ ಚೆಸಾರೆ ಬ್ರಾಂದಿ 1963ರ ಗ್ರಂಥದಲ್ಲಿ ಮಂಡಿಸಿದ ಚಿಂತನೆ ಕಲಾಕೃತಿಗಳ ದುರಸ್ತಿಗೆ ಬೇರೆಯೇ ದಾರಿ ತೋರಿತ್ತು. ದುರಸ್ತಿಯಾದ ಭಾಗವನ್ನು ಹತ್ತಿರದಿಂದ ನೋಡಿದರೆ ಗುರುತಿಸಬರಬೇಕು, ಮುಂದಿನ ದುರಸ್ತಿಗೆ ಅದು ಅಡ್ಡಿಯಾಗಬಾರದು. ಈ ನೋಟ ಆಟದ ಮಾದರಿಗಳಿಗೂ ನಿಧಾನವಾಗಿ ಬಂತು. ಬೇಕಾದಾಗ ಅಸಿಟೋನಿನಲ್ಲಿ ಕರಗಿಸಿ ತೆಗೆಯಬಹುದಾದ ಪ್ಯಾರಲಾಯ್ಡ್ ಬಿ-72 ಅಂಟು ಸಂರಕ್ಷಕರಿಗೆ ಮೆಚ್ಚುಗೆಯಾಯಿತು. ಆದರೆ ಪಾಲಿಸ್ಟೈರೀನ್ ಅಸಿಟೋನಿಗೆ ಕರಗುವುದರಿಂದ ಆ ಮಾದರಿಗಳ ಮೇಲೆ ಇದನ್ನು ಬಳಸುವಂತಿಲ್ಲ. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುವ ಈ ಅಂಟು ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಭಾರದ ಭಾಗಗಳನ್ನು ಹಿಡಿದು ನಿಲ್ಲಿಸುತ್ತದೆಂಬ ಭರವಸೆಯೂ ಇಲ್ಲ.

ಸೀಸದ ತುಕ್ಕಿಗೆ ಪ್ರಯೋಗಾಲಯಗಳಲ್ಲಿ ವಿದ್ಯುತ್ ಹಾಯಿಸಿ ಕಾರ್ಬೊನೇಟನ್ನು ಮತ್ತೆ ಲೋಹವಾಗಿಸುವ ವಿಧಾನವಿದೆ. ದ್ರಾವಣದಲ್ಲಿ ಮುಳುಗಿಸಬೇಕಾದ್ದರಿಂದ ಬಣ್ಣ ಬಳಿದ ಬೊಂಬೆಗೆ ಅದು ಒಗ್ಗುವುದು ಕಡಿಮೆ. ಮನೆಯಲ್ಲಿ ಆ ಪುಡಿಯನ್ನು ಒಣದಾಗಿ ಕೆರೆಯುವುದು ಅಪಾಯ, ಏಕೆಂದರೆ ಸೀಸದ ಧೂಳು ವಿಷ. ಈಚೆಗೆ ಕಳೆದುಹೋದ ಭಾಗಗಳನ್ನು ಜೋಡಿ ಬೊಂಬೆಯಿಂದ ಸ್ಕ್ಯಾನ್ ಮಾಡಿ ತ್ರೀಡಿ ಮುದ್ರಣದಲ್ಲಿ ತಯಾರಿಸುವುದೂ ಸಾಧ್ಯವಾಗಿದೆ.

ಎರಡು ಶತಮಾನಗಳ ಅನುಭವ ಹೇಳುವುದು ಇಷ್ಟು: ಮಾದರಿಗೆ ಕೈ ಹಚ್ಚುವ ಮೊದಲು ಅದನ್ನಿಟ್ಟ ಪೆಟ್ಟಿಗೆಯನ್ನು ಬದಲಿಸಬೇಕು. ಮರ, ರಟ್ಟುಗಳ ಬದಲು ಪಾಲಿಪ್ರೊಪಿಲೀನ್ ಡಬ್ಬಿ ಇಲ್ಲವೇ ಗಾಜು ಮತ್ತು ಲೋಹದ ಕಪಾಟು, ಆಮ್ಲದ ಆವಿ ಹೀರಲು ಸಕ್ರಿಯ ಇದ್ದಿಲು, ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ತೇವ ಹೀರಲು ಸಿಲಿಕಾ ಜೆಲ್ ಬೇಕು. ಆಮೇಲೆ ನಾಲ್ಕೂ ಕಡೆಯಿಂದ ಛಾಯಾಚಿತ್ರ ತೆಗೆದು, ಮಾಡಿದ ಪ್ರತಿ ದುರಸ್ತಿಯನ್ನೂ ಬರೆದಿಡಬೇಕು. ಮೂಲ ಬಣ್ಣವನ್ನು ಕಿತ್ತುಹಾಕುವುದು ಕೊನೆಯ ಉಪಾಯವಾಗಿರಲಿ. ಒಮ್ಮೆ ಹೋದ ಬಣ್ಣವನ್ನು ಯಾವ ತಂತ್ರವೂ ಮರಳಿ ತರಲಾರದು.