ಒಂದು ಸಾಲಿನ ಉತ್ತರಕ್ಕೆ ನೂರೈವತ್ತು ವರ್ಷ

“ದ್ಯುತಿಸಂಶ್ಲೇಷಣೆಗೆ ಬೇಕಾದ ಅಂಶಗಳಾವುವು?” ಹೈಸ್ಕೂಲು ಮೆಟ್ಟಿಲು ಹತ್ತಿದ ಎಲ್ಲರಿಗೂ ಪರಿಚಿತ ಪ್ರಶ್ನೆ. ಉತ್ತರವೂ ಒಂದೇ ಸಾಲು: ಬೆಳಕು, ನೀರು, ಇಂಗಾಲದ ಡೈಆಕ್ಸೈಡ್, ಪತ್ರಹರಿತ್ತು. ಈ ಸಾಲು ರೂಪುಗೊಳ್ಳಲು ಯುರೋಪಿನಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಗಿಡ ಮಣ್ಣನ್ನೇ ಉಂಡು ಬೆಳೆಯುತ್ತದೆ ಎಂಬುದು ಅಲ್ಲಿನ ಹಳೆಯ ನಂಬಿಕೆ. ಬ್ರಸೆಲ್ಸ್‌ನ ವೈದ್ಯ ಯಾನ್ ವಾನ್ ಹೆಲ್ಮಾಂಟ್ ಇದನ್ನು ತೂಗಿ ನೋಡಿದರು. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದರು. ಮರದ ತೂಕ 169 ಪೌಂಡ್ ದಾಟಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವರು ತೀರ್ಮಾನಿಸಿದರು. ಅವರು ತೀರಿಕೊಂಡ ಮೇಲೆ, 1648ರಲ್ಲಿ, ಇದು ಅಚ್ಚಾಯಿತು. ‘ಗ್ಯಾಸ್’ ಎಂಬ ಪದವನ್ನು ಕೊಟ್ಟವರೂ ಇವರೇ. ಇದ್ದಿಲು ಉರಿದಾಗ ಹೊಮ್ಮುವ ಅನಿಲವನ್ನು ಗುರುತಿಸಿದ್ದರೂ, ಮರಕ್ಕೆ ಅದೇ ಆಹಾರವೆಂದು ಅವರಿಗೆ ಹೊಳೆಯಲಿಲ್ಲ.

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಮೇಣದಬತ್ತಿ ಉರಿದು ಕೆಟ್ಟ ಗಾಳಿಯಲ್ಲಿ ಪುದೀನ ಸಸಿ ಇಟ್ಟರು. ಕೆಲವು ದಿನಗಳ ನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಆದರೆ ಇಂಥ ಪ್ರಯೋಗ ಒಮ್ಮೆ ಫಲಿಸಿದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೂ ಇಂಥ ದೋಷವೇ ಹೆಚ್ಚು ತಲೆನೋವಿನದು. ಲೆಕ್ಕಕ್ಕೆ ಹಿಡಿಯದ ಯಾವುದೋ ಅಂಶ ಅದರ ಹಿಂದೆ ಇರುತ್ತದೆ. ಇಲ್ಲಿ ಆ ಅಂಶ ಬೆಳಕು. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ 1779ರ ಬೇಸಿಗೆಯಲ್ಲಿ 500ಕ್ಕೂ ಹೆಚ್ಚು ಪ್ರಯೋಗ ನಡೆಸಿ, ಗಿಡದ ಹಸಿರು ಭಾಗಗಳು ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ತೋರಿಸಿದರು.

ಇದಕ್ಕೆ ಇಂಗಾಲದ ಡೈಆಕ್ಸೈಡ್ ಬೇಕೆಂದು 1782ರಲ್ಲಿ ಜಿನೀವಾದ ಜೀನ್ ಸೆನೆಬಿಯೆ ತಿಳಿಸಿದರು. ಅದೇ ಊರಿನ ಡಿ ಸಸ್ಯೂರ್ 1804ರಲ್ಲಿ ಮತ್ತೆ ತಕ್ಕಡಿ ಹಿಡಿದರು. ಗಿಡದ ತೂಕ ಹೆಚ್ಚಲು ಗಾಳಿಯ ಇಂಗಾಲದ ಜೊತೆಗೆ ನೀರೂ ಕಾರಣವೆಂದು ಅವರು ಕಂಡುಕೊಂಡರು. ಮಣ್ಣಿನ ಲವಣಗಳು ಅಲ್ಪವಾದರೂ ಅಗತ್ಯವೆಂದೂ ಹೇಳಿದರು. ಹೆಲ್ಮಾಂಟ್ ಗಣನೆಗೆ ತೆಗೆದುಕೊಳ್ಳದ ಆ 2 ಔನ್ಸಿಗೂ ಕೊನೆಗೆ ಬೆಲೆ ಬಂತು.

ನಮ್ಮೂರಿನ ಹೊಲದಲ್ಲಿ ಒಣಗಿದ ರಾಗಿಹುಲ್ಲಿನ ತೂಕದಲ್ಲಿ ಬಹುಪಾಲು ಗಾಳಿ, ನೀರಿನಿಂದ ಬಂದದ್ದೇ. ಗೊಬ್ಬರದಿಂದ ಸಿಗುವುದು ಸಣ್ಣ ಪಾಲು. ಆದರೆ ಅದಿಲ್ಲದೆ ಎಲೆ ಹಸಿರಾಗದು, ತೆನೆ ಕಟ್ಟದು.

ಇವರೆಲ್ಲ ಬಳಸಿದ್ದು ಹೆಚ್ಚಾಗಿ ತಕ್ಕಡಿ, ಗಾಜಿನ ಪಾತ್ರೆ, ನೀರು. ಸುವರ್ಣ ಮಹೋತ್ಸವದ ಈ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಏನಾದರೂ ಕೊಡುವುದಾದರೆ, ಪ್ರಯೋಗಾಲಯಕ್ಕೆ ಇಷ್ಟನ್ನು ಕೊಡೋಣ. ಆ ಒಂದು ಸಾಲನ್ನು ಮಕ್ಕಳು ಬಾಯಿಪಾಠ ಮಾಡುವ ಮೊದಲು ತಾವೇ ಮಾಡಿ ನೋಡಲಿ.